ಮಗಳಿಗೊಂದು ಪತ್ರ: ನೀನು ಯಾವ ಕಡೆ ಅಂತ ಕೇಳಿದೆಯಲ್ಲ

ಸಕಲೇಶಪುರ

ಪ್ರೀತಿಯ ಪುಟ್ಟಿ,

ನಿಮ್ಮ ಕಾಲೇಜಿನ ಚರ್ಚೆಯಲ್ಲಿ ನಿನ್ನನ್ನು ಜಾಗತೀಕರಣದ ವಿರೋಧದ ಕಡೆಗೆ ಹಾಕಿದ್ದಾರೆ ಅಂತ ಫೋನಿನಲ್ಲಿ ಹೇಳಿದೆ. ಆಮೇಲೆ, 'ಅಮ್ಮಾ, ನೀನು ಯಾವ ಕಡೆ?' ಅಂತಲೂ ಕೇಳಿದೆ. ಅವತ್ತು ಕಣದಲ್ಲಿ ಕಾಫಿ ರಾಶಿ ಮಾಡಿ ಟಾರ್ಪಾಲು ಹೊದಿಸುವ ಗಡಿಬಿಡಿ. ಮೋಡ ಕವಿದಿತ್ತು. ಸರಿಯಾಗಿ ಮಾತಾಡಲು ಆಗಲಿಲ್ಲ. ಇದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯವೂ ಅಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಉದ್ದವಾಗುತ್ತೆ, ಬೇಜಾರು ಮಾಡಿಕೊಳ್ಳದೆ ಓದು.

ನೀನು ಅರ್ಥಶಾಸ್ತ್ರ ಓದುತ್ತಿರುವವಳು. ನಿನಗೆ ನನಗಿಂತ ಜಾಸ್ತಿ ಲೆಕ್ಕ ಗೊತ್ತು. ನನಗೆ ಗೊತ್ತಿರುವುದು ಎರಡು ಮನೆಗಳ ಕಥೆ. ನನ್ನ ತವರು ಚನ್ನರಾಯಪಟ್ಟಣದ ಕಡೆ. ರಾಗಿ, ತೆಂಗು, ಆಲೂಗೆಡ್ಡೆ, ಕೊಟ್ಟಿಗೆಯಲ್ಲಿ ಹಸು. ಸೇರಿದ್ದು ಸಕಲೇಶಪುರದ ತೋಟದ ಮನೆ. ಕಾಫಿ, ಮೆಣಸು, ವರ್ಷದಲ್ಲಿ ನಾಲ್ಕು ತಿಂಗಳು ಮಳೆ. ಎರಡೂ ಹಾಸನ ಜಿಲ್ಲೆಯೇ. ಆದರೆ 1990ರ ದಶಕದ ಮೊದಲಲ್ಲಿ ಈ ಎರಡು ಮನೆಗಳು ನಿನ್ನ ಚರ್ಚೆಯ ಎರಡು ಕಡೆಯಲ್ಲಿ ನಿಂತಿದ್ದವು. ನಿನ್ನ ದೊಡ್ಡ ಮಾವ ಹಸಿರು ಶಾಲು ಹೊದ್ದು 'ಬಾಗಿಲು ತೆರೆಯಬೇಡಿ' ಅಂತ ಬೆಂಗಳೂರಿಗೆ ಹೋಗಿ ಕೂಗಿದರು. ಅದೇ ಹೊತ್ತಿಗೆ ಇಲ್ಲಿ ನಿನ್ನ ಅಜ್ಜಯ್ಯ ಬೆಳೆಗಾರರ ಸಭೆಗಳಲ್ಲಿ 'ಬಾಗಿಲು ತೆರೆಯಿರಿ' ಅಂತ ಕೇಳುತ್ತಿದ್ದರು. ಇಬ್ಬರೂ ರೈತರೇ. ಇಬ್ಬರೂ ತಿಳಿದೇ ಮಾತಾಡುತ್ತಿದ್ದರು. ನಿಮ್ಮ ಚರ್ಚೆಯಲ್ಲಿ 'ರೈತ' ಅಂತ ಒಬ್ಬನೇ ಮನುಷ್ಯ ಇರುವ ಹಾಗೆ ಮಾತಾಡುತ್ತಾರಲ್ಲ, ಅಲ್ಲಿಂದಲೇ ನನಗೆ ತಕರಾರು.

ಮೊದಲು ಮಾವನ ಮಾತು ಹೇಳುತ್ತೇನೆ. ಗ್ಯಾಟ್ ಅನ್ನುವ ವ್ಯಾಪಾರ ಒಪ್ಪಂದದ ಮಾತುಕತೆ ವರ್ಷಗಟ್ಟಲೆ ನಡೆಯುತ್ತಿತ್ತು. ಅದರ ಮುಖ್ಯಸ್ಥರಾಗಿದ್ದ ಆರ್ಥರ್ ಡಂಕೆಲ್ 1991ರ ಕೊನೆಗೆ ಒಂದು ಕರಡು ಮುಂದಿಟ್ಟರು. ಅದುವರೆಗೆ ವ್ಯಾಪಾರದ ಒಪ್ಪಂದ ಅಂದರೆ ಹೆಚ್ಚಾಗಿ ಕಾರ್ಖಾನೆಯ ಸರಕಿನದು. ಈ ಕರಡಿನಲ್ಲಿ ಬೇಸಾಯ ಬಂತು, ಬೀಜದ ಮೇಲಿನ ಹಕ್ಕಿನ ವಿಷಯವೂ ಬಂತು. ರೈತ ಸಂಘದ ನಾಯಕರಾಗಿದ್ದ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರು ಅದನ್ನು ಹಳ್ಳಿಯ ಜನರಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು. 1992ರ ಡಿಸೆಂಬರಿನಲ್ಲಿ ರೈತ ಸಂಘದವರು ಬೆಂಗಳೂರಿನಲ್ಲಿ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟರು. 1993ರ ಗಾಂಧಿ ಜಯಂತಿಯ ದಿನ ಬೆಂಗಳೂರಿನಲ್ಲಿ ಬೀಜ ಸತ್ಯಾಗ್ರಹದ ದೊಡ್ಡ ಸಭೆ ಆಯಿತು. ಮಾವ ಆ ಸಭೆಗೆ ಲಾರಿ ಹತ್ತಿ ಹೋಗಿದ್ದರು. ನಾನಿನ್ನೂ ಸ್ಕೂಲಿನಲ್ಲಿದ್ದೆ. ತಿರುಗಿ ಬಂದು ಜಗಲಿಯಲ್ಲಿ ಕೂತು ಅಕ್ಕಪಕ್ಕದವರಿಗೆ ಹೇಳಿದ್ದು ಈಗಲೂ ನೆನಪಿದೆ: 'ನಾಳೆ ಬಿತ್ತನೆ ರಾಗಿ ಎತ್ತಿಡೋದಕ್ಕೂ ಕಂಪನಿ ಅಪ್ಪಣೆ ಬೇಕಾಗುತ್ತೆ.'

ಆ ಹೋರಾಟದಿಂದ ಏನೂ ಆಗಲಿಲ್ಲ ಅಂತ ನಿನ್ನ ಎದುರಿನವರು ಹೇಳಬಹುದು. 1995ರ ಜನವರಿ 1ಕ್ಕೆ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು, ಭಾರತವೂ ಸೇರಿತು, ಅದು ನಿಜ. ಆದರೆ 2001ರಲ್ಲಿ ನಮ್ಮ ಸಂಸತ್ತು ಸಸ್ಯ ತಳಿಗಳ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾಡಿತು. ರೈತ ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ನೆರೆಯವರಿಗೆ ಕೊಡಬಹುದು, ಮಾರಲೂಬಹುದು. ಬ್ರಾಂಡಿನ ಹೆಸರು ಹಾಕಿ ಮಾರುವ ಹಾಗಿಲ್ಲ, ಅಷ್ಟೇ. ಎಷ್ಟೋ ದೇಶಗಳಲ್ಲಿ ರೈತನಿಗೆ ಇಷ್ಟು ಹಕ್ಕಿಲ್ಲ. ಒಪ್ಪಂದದೊಳಗೆ ಇದ್ದುಕೊಂಡೇ ನಮಗೆ ಬೇಕಾದ ಕಾನೂನು ಮಾಡಲು ಜಾಗ ಇತ್ತು, ಆ ಜಾಗವನ್ನು ಬಳಸಿಕೊಂಡರು. ಬೀದಿಯಲ್ಲಿ ಅಷ್ಟು ಜನ ಕೂಗದೇ ಇದ್ದಿದ್ದರೆ ದೆಹಲಿಯವರು ಆ ಜಾಗವನ್ನು ಹುಡುಕುತ್ತಿದ್ದರಾ? ನನಗೆ ನಂಬಿಕೆ ಇಲ್ಲ.

ಇನ್ನು ಅಜ್ಜಯ್ಯನ ಮಾತು. ಎರಡನೇ ಮಹಾಯುದ್ಧ ಶುರುವಾದಾಗ ಯುರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. ನಮ್ಮ ಕಾಫಿ ಕೊಳ್ಳುವವರೇ ಇಲ್ಲ. ಬೆಳೆಗಾರರನ್ನು ಉಳಿಸಲು ಸರ್ಕಾರ ಎಲ್ಲರ ಕಾಫಿಯನ್ನೂ ಒಂದೇ ಕಡೆ ಸೇರಿಸಿ ಮಾರುವ ಏರ್ಪಾಡು ಮಾಡಿತು. 1942ರ ಕಾಫಿ ಕಾಯ್ದೆ, ಕಾಫಿ ಬೋರ್ಡು, ಪೂಲ್ ಪದ್ಧತಿ ಎಲ್ಲ ಹುಟ್ಟಿದ್ದು ಹಾಗೆ. ಆ ಕಾಲಕ್ಕೆ ಅದು ಬೆಳೆಗಾರರ ಪ್ರಾಣ ಉಳಿಸಿತು. ಯುದ್ಧ ಮುಗಿಯಿತು, ದೇಶ ಸ್ವತಂತ್ರವಾಯಿತು, ಪೂಲ್ ಮಾತ್ರ ಐವತ್ತು ವರ್ಷ ಹಾಗೇ ಇತ್ತು. ಮನೆ ಬಳಕೆಗೆ ಮತ್ತು ಬಿತ್ತನೆಗೆ ಒಂದಿಷ್ಟು ಇಟ್ಟುಕೊಂಡು ಉಳಿದ ಕಾಫಿಯನ್ನೆಲ್ಲ ಬೋರ್ಡಿಗೇ ಒಪ್ಪಿಸಬೇಕು. ಹಣ ಕಂತು ಕಂತಾಗಿ ಬರುತ್ತಿತ್ತು. ಎಷ್ಟೋ ಸಲ ಕೊನೆಯ ಕಂತು ಕೈ ಸೇರುವ ಹೊತ್ತಿಗೆ ಮುಂದಿನ ಕುಯ್ಲು ಬಂದಿರುತ್ತಿತ್ತು. ತಾನು ಬೆಳೆದ ಕಾಫಿಯನ್ನು ಹೇಳದೆ ಬೇರೆಯವರಿಗೆ ಮಾರಿದರೆ ಅಪರಾಧ. 'ಅಕ್ಕಿ ಮಾರಿದರೆ ವ್ಯಾಪಾರಿ, ಕಾಫಿ ಮಾರಿದರೆ ಕಳ್ಳ' ಅಂತ ಅಜ್ಜಯ್ಯ ಕೊನೆವರೆಗೂ ಹೇಳುತ್ತಿದ್ದರು.

ಇನ್ನೊಂದು ವಿಷಯ ನಿನಗೆ ಉಪಯೋಗಕ್ಕೆ ಬರುತ್ತೆ. ಆಗ ಹೊರಗಿನ ಮಾರುಕಟ್ಟೆಗೂ ಒಂದು ಕಟ್ಟುಪಾಡು ಇತ್ತು. 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಆಗಿತ್ತು. ಬೆಳೆಯುವ ದೇಶಗಳೂ ಕುಡಿಯುವ ದೇಶಗಳೂ ಒಟ್ಟಿಗೆ ಕೂತು, ಯಾರು ಎಷ್ಟು ಕಳಿಸಬೇಕು ಅಂತ ಕೋಟಾ ಹಾಕಿಕೊಂಡಿದ್ದವು. ಬೆಲೆ ತೀರಾ ಬೀಳದ ಹಾಗೆ ಅದು ತಡೆಯುತ್ತಿತ್ತು. 1989ರ ಜುಲೈನಲ್ಲಿ ಆ ಕೋಟಾ ಮುರಿದುಬಿತ್ತು. ಎರಡು ವರ್ಷಕ್ಕೆ ಸೋವಿಯತ್ ಒಕ್ಕೂಟವೂ ಚೂರಾಯಿತು. ನಮ್ಮ ಕಾಫಿಗೆ ಅದು ದೊಡ್ಡ ಗಿರಾಕಿ, ಅದೂ ರೂಪಾಯಿ ಲೆಕ್ಕದಲ್ಲಿ ಕೊಳ್ಳುತ್ತಿದ್ದ ಗಿರಾಕಿ. ಹೊರಗೆ ಬೆಲೆ ಇಲ್ಲ, ಒಳಗೆ ಮಾರುವ ಸ್ವಾತಂತ್ರ್ಯ ಇಲ್ಲ. ಬೆಳೆಗಾರ 'ನನ್ನ ಕಾಫಿ ನನಗೆ ಬಿಡಿ' ಅಂದಿದ್ದರಲ್ಲಿ ಏನು ತಪ್ಪು? 1992ರಿಂದ ಸ್ವಲ್ಪ ಸ್ವಲ್ಪವಾಗಿ ಬಿಟ್ಟರು. 1996ರ ಹೊತ್ತಿಗೆ ಪೂರ್ತಿ ಬಿಟ್ಟರು.

ಅದೃಷ್ಟ ನೋಡು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡಗಳು ಸುಟ್ಟುಹೋದವು, ಇಲ್ಲಿ ಬೆಲೆ ಏರಿತು. ಮುಕ್ತ ಮಾರುಕಟ್ಟೆ ಬಂದದ್ದಕ್ಕೂ ಬೆಲೆ ಏರಿದ್ದಕ್ಕೂ ಜನ ಒಂದೇ ಕಾರಣ ಕಂಡುಕೊಂಡರು. ಊರಿಗೆಲ್ಲ ಹೊಸ ಜೀಪು ಬಂದವು, ಹೆಂಚಿನ ಮನೆಗಳು ತಾರಸಿ ಆದವು. ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಅವರು 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕಾಫಿ ಡೇ ತೆರೆದರು. ಚಹಾ ಕುಡಿಯುವ ಊರುಗಳಿಗೂ ನಮ್ಮ ಕಾಫಿ ಹೋಗಬಹುದು ಅನ್ನುವ ಧೈರ್ಯ ಬಂದಿದ್ದು ಆಗಲೇ.

ನಾನು ಈ ಮನೆಗೆ ಬಂದದ್ದು ಆ ಸಂಭ್ರಮದ ಬಾಲದಲ್ಲಿ. ಬಂದ ಸ್ವಲ್ಪ ದಿನಕ್ಕೇ ಬೆಲೆ ಬೀಳತೊಡಗಿತು. ವಿಯೆಟ್ನಾಂನಲ್ಲಿ 1986ರಿಂದ ಆರ್ಥಿಕ ಸುಧಾರಣೆ ನಡೆದಿತ್ತು. ಅಲ್ಲಿನ ಬೆಟ್ಟದ ಸೀಮೆಯಲ್ಲಿ ರೊಬಸ್ಟಾ ಹಾಕಿ, ಹತ್ತು ಹದಿನೈದು ವರ್ಷದಲ್ಲಿ ಬ್ರೆಜಿಲ್ ಬಿಟ್ಟರೆ ಜಗತ್ತಿಗೇ ಎರಡನೆಯವರಾದರು. ಕಾಫಿ ಎಲ್ಲೆಲ್ಲೂ ತುಂಬಿತು. 2001ರಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಒಂದು ಪೌಂಡಿಗೆ 50 ಸೆಂಟಿಗಿಂತ ಕೆಳಗಿಳಿಯಿತು. ಕುಯ್ದ ಕೂಲಿಯೂ ಹುಟ್ಟದ ವರ್ಷಗಳು ಅವು. ಅಜ್ಜಯ್ಯ ರಾತ್ರಿ ದೀಪ ಹಾಕಿಕೊಂಡು ಬ್ಯಾಂಕಿನ ಪುಸ್ತಕ ನೋಡುತ್ತಾ ಕೂರುತ್ತಿದ್ದರು. ನನ್ನ ಬಳೆ ಅಡವಿಟ್ಟದ್ದು, ಸಿಲ್ವರ್ ಓಕ್ ಮರಗಳನ್ನು ಕಡಿದು ಮಾರಿದ್ದು ಎಲ್ಲ ಆಗಲೇ. ನೀನು ಹುಟ್ಟಿದಾಗಲೂ ಆ ಸಾಲ ತೀರಿರಲಿಲ್ಲ. ವಿಯೆಟ್ನಾಂ ರೈತನ ಮೇಲೆ ನನಗೆ ಸಿಟ್ಟಿಲ್ಲ. ಬೆಲೆ ಬಿದ್ದಾಗ ಅವನೂ ಗಿಡ ಕಿತ್ತ, ಅವನೂ ಸಾಲಗಾರನಾದ.

ಸಿಟ್ಟಿರುವುದು ಬೇರೆ ಕಡೆ. ಅಂತರರಾಷ್ಟ್ರೀಯ ಕಾಫಿ ಸಂಸ್ಥೆ ಆ ದಿನಗಳಲ್ಲಿ ಒಂದು ಲೆಕ್ಕ ಕೊಟ್ಟಿತ್ತು. ಇದನ್ನು ನೀನು ಚರ್ಚೆಯಲ್ಲಿ ಖಂಡಿತ ಹೇಳು. 1990ರ ದಶಕದ ಮೊದಲಲ್ಲಿ ಜಗತ್ತಿನಲ್ಲಿ ಅಂಗಡಿ ಬೆಲೆಯ ಲೆಕ್ಕದಲ್ಲಿ ಸುಮಾರು 3,000 ಕೋಟಿ ಡಾಲರ್ ಕಾಫಿ ವ್ಯಾಪಾರ ಆಗುತ್ತಿತ್ತು, ಬೆಳೆಯುವ ದೇಶಗಳಿಗೆ 1,000ದಿಂದ 1,200 ಕೋಟಿ ಸಿಗುತ್ತಿತ್ತು. ಹತ್ತು ವರ್ಷ ಕಳೆಯುವುದರಲ್ಲಿ ವ್ಯಾಪಾರ 7,000 ಕೋಟಿ ದಾಟಿತು, ಬೆಳೆಯುವ ದೇಶಗಳ ಪಾಲು 550 ಕೋಟಿಗೆ ಇಳಿಯಿತು. ಯುರೋಪಿನಲ್ಲಿ ಕೂತು ಕಾಫಿ ಕುಡಿದವರಿಗೂ ಅಗ್ಗವಾಗಲಿಲ್ಲ, ಸಕಲೇಶಪುರದಲ್ಲಿ ಬೆಳೆದವರಿಗೂ ಸಿಗಲಿಲ್ಲ. ನಡುವೆ ಹುರಿಯುವ, ಪುಡಿ ಮಾಡುವ, ಬ್ರಾಂಡ್ ಹಾಕುವ ಕೆಲವೇ ದೊಡ್ಡ ಕಂಪನಿಗಳ ಕೈಯಲ್ಲಿ ಉಳಿಯಿತು. ಕೋಟಾ ಮುರಿದಾಗ ಬೆಳೆಯುವವರ ಒಗ್ಗಟ್ಟು ಹೋಯಿತು, ಕೊಳ್ಳುವವರ ಒಗ್ಗಟ್ಟು ಇನ್ನೂ ಗಟ್ಟಿಯಾಯಿತು. ಬಾಗಿಲು ತೆರೆದದ್ದು ಇಬ್ಬರಿಗೂ ಒಂದೇ ರೀತಿ ತೆರೆಯಲಿಲ್ಲ. ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಇದರ ಸುತ್ತಲೇ ಇದೆ.

ಸರ್ಕಾರ ಸುಮ್ನೆ ಕೂರಲಿಲ್ಲ ಅನ್ನು. 2003ರಲ್ಲಿ ಕಾಫಿ, ಚಹಾ, ರಬ್ಬರ್, ತಂಬಾಕು ಬೆಳೆಗಾರರಿಗಾಗಿ 500 ಕೋಟಿ ರೂಪಾಯಿಯ ಬೆಲೆ ಸ್ಥಿರೀಕರಣ ನಿಧಿ ಮಾಡಿದರು. ಒಳ್ಳೆ ವರ್ಷ ಬೆಳೆಗಾರ ಸ್ವಲ್ಪ ಹಾಕಬೇಕು, ಕೆಟ್ಟ ವರ್ಷ ತೆಗೆದುಕೊಳ್ಳಬಹುದು. ಎಷ್ಟು ಒಳ್ಳೆಯ ಯೋಚನೆ! ಆದರೆ ಅದು ಬರುವ ಹೊತ್ತಿಗೆ ಬೆಲೆ ಬಿದ್ದು ಜನ ಮುಳುಗಿಯಾಗಿತ್ತು. ಸಿಗುವ ಪರಿಹಾರವೂ ಕಡಿಮೆ. ಹೆಚ್ಚು ಜನ ಸೇರಲಿಲ್ಲ, 2013ರಲ್ಲಿ ಮುಚ್ಚಿದರು. 2010ರಲ್ಲಿ ಕಾಫಿ ಸಾಲ ಪರಿಹಾರ ಪ್ಯಾಕೇಜ್ ಅಂತ ಬಂತು. ಅದರಿಂದ ಸಣ್ಣ ಬೆಳೆಗಾರರು ಒಂದಿಷ್ಟು ಉಸಿರಾಡಿದರು. ಹೀಗೆ ಬಿದ್ದ ಮೇಲೆ ಎತ್ತುವ ಕೆಲಸ ನಡೆದಿದೆ. ಬೀಳುವ ಮೊದಲೇ ಹಿಡಿಯುವ ಏರ್ಪಾಡು ಇನ್ನೂ ಆಗಿಲ್ಲ.

ಮೆಣಸಿನದು ಇನ್ನೊಂದು ಪಾಠ. ಶ್ರೀಲಂಕಾ ಜೊತೆ 1998ರಲ್ಲಿ ಮುಕ್ತ ವ್ಯಾಪಾರ ಒಪ್ಪಂದ ಆಯಿತು, 2000ದಲ್ಲಿ ಜಾರಿಗೆ ಬಂತು. ನೆರೆಯ ಪುಟ್ಟ ದೇಶ, ಅವರ ಜೊತೆ ವ್ಯಾಪಾರ ಮಾಡುವುದಕ್ಕೆ ನನ್ನ ವಿರೋಧ ಇಲ್ಲ. ಆದರೆ ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಕಡಿಮೆ ಸುಂಕಕ್ಕೆ ಒಳಗೆ ಬರುತ್ತಿದೆ ಅಂತ ಬೆಳೆಗಾರರು ವರ್ಷಗಟ್ಟಲೆ ದೂರಿದರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ, ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸು ಆಮದಾಗಬಾರದು ಅಂತ ನಿಯಮ ಮಾಡಿತು. ಅಷ್ಟರಲ್ಲಿ ನಮ್ಮ ಮೆಣಸಿನ ಬೆಲೆ ಅದಕ್ಕೂ ಕೆಳಗೆ ಇಳಿದಿತ್ತು. ಕಾಫಿ ಕೈಕೊಟ್ಟಾಗ ಮೆಣಸು ಹಿಡಿಯುತ್ತೆ ಅಂತ ನಂಬಿಕೊಂಡಿದ್ದ ಮನೆಗಳಿಗೆ ಒಟ್ಟೊಟ್ಟಿಗೇ ಏಟು ಬಿತ್ತು.

ಹಾಲಿನ ವಿಷಯದಲ್ಲಿ ಮಾತ್ರ ಬಾಗಿಲಲ್ಲೇ ನಿಂತು ತಡೆದರು. ಇದನ್ನು ನೀನು ಮರೆಯಬಾರದು. ಮಾವನ ಮನೆಯಲ್ಲಿ ಆಲೂಗೆಡ್ಡೆಗೆ ಅಂಗಮಾರಿ ಬಂದು ಬೆಳೆ ಹೋದ ವರ್ಷಗಳಲ್ಲಿ ಒಲೆ ಉರಿದದ್ದು ಡೇರಿ ಹಣದಿಂದ. ಬೆಳಿಗ್ಗೆ ಸಂಜೆ ಕ್ಯಾನ್ ಹಿಡಿದು ಡೇರಿಗೆ ಹೋಗುವ ಅತ್ತೆಯ ಕೈಗೇ ಆ ದುಡ್ಡು ಬರುತ್ತಿತ್ತು. ಆರ್‌ಸಿಇಪಿ ಅಂತ ಏಷ್ಯಾ-ಪೆಸಿಫಿಕ್ ಕಡೆಯ ಹದಿನೈದು ದೇಶಗಳ ವ್ಯಾಪಾರ ಒಪ್ಪಂದಕ್ಕೆ ಭಾರತವೂ ಸೇರುವ ಮಾತಿತ್ತು. ನ್ಯೂಜಿಲೆಂಡ್ ಕೂಡ ಅದರಲ್ಲಿತ್ತು. ಅಲ್ಲಿ ಕರೆಯುವ ಹಾಲಿನಲ್ಲಿ ಬಹುಪಾಲು ಹೊರದೇಶಕ್ಕೇ ಹೋಗುತ್ತೆ. ಹಾಸನ, ಮಂಡ್ಯ, ತುಮಕೂರಿನ ಹಾಲಿನವರಿಂದ ಹಿಡಿದು ಗುಜರಾತಿನವರವರೆಗೆ ಎಲ್ಲ ಒಂದೇ ದನಿಯಲ್ಲಿ ಬೇಡ ಅಂದರು. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಹೊರಗುಳಿಯಿತು. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ಒಪ್ಪಂದದಲ್ಲೂ ಹಾಲನ್ನು ಹೊರಗೇ ಇಟ್ಟರು. ಅದೇ ಒಪ್ಪಂದದಲ್ಲಿ ನಮ್ಮ ಇನ್‌ಸ್ಟಂಟ್ ಕಾಫಿಗೆ ಸುಂಕ ಬಿಡಿಸಿಕೊಂಡರು. ನೋಡು, ಒಂದೇ ಕಾಗದದಲ್ಲಿ ಒಂದಕ್ಕೆ ಬಾಗಿಲು ತೆರೆದು ಇನ್ನೊಂದಕ್ಕೆ ಮುಚ್ಚಬಹುದು. ಹಾಲಿನವರಿಗೆ ಹಳ್ಳಿ ಹಳ್ಳಿಯಲ್ಲಿ ಸಂಘ ಇದೆ, ಜಿಲ್ಲೆಗೊಂದು ಒಕ್ಕೂಟ ಇದೆ, ಅವರ ಮಾತು ದೆಹಲಿಗೆ ಕೇಳಿಸುತ್ತೆ. ಮೆಣಸಿನವರಿಗೆ ಅಂಥದ್ದು ಇಲ್ಲ. ವ್ಯತ್ಯಾಸ ಅಲ್ಲಿದೆ ಅಂತ ನನ್ನ ಅನಿಸಿಕೆ.

ಇದೆಲ್ಲ 1991ರ ನಂತರದ ಕಥೆ ಅಂದುಕೊಳ್ಳಬೇಡ. ಕಳಸದ ಆಚೆ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಕಂಪನಿ ಶುರುವಾದದ್ದು 1976ರಲ್ಲಿ. ಹಣ ಕೊಡುತ್ತೇನೆ, ಅದಿರನ್ನೂ ಕೊಳ್ಳುತ್ತೇನೆ ಅಂತ ಒಪ್ಪಿದ್ದು ಇರಾನಿನ ಶಾ ಸರ್ಕಾರ. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು, ಕೊಳ್ಳುವವರೇ ಇಲ್ಲವಾದರು. ಬೇರೆ ದೇಶಗಳಿಗೆ ಮಾರಿಕೊಂಡು ಗಣಿ ನಡೆಯಿತು. ಅದಿರಿನ ರಾಡಿ ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತಿತ್ತು. ಭದ್ರೆ ಕೆಂಪಾಗುತ್ತೆ ಅಂತ ಜನ ಹೋರಾಡಿದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ದೂರದ ದೇಶದ ರಾಜಕೀಯ ನಮ್ಮ ಗುಡ್ಡಕ್ಕೆ ಬಂದು ಮುಟ್ಟುವುದು ಹೊಸದಲ್ಲ.

ಹೆಣ್ಣುಮಕ್ಕಳ ವಿಷಯ ಬಿಟ್ಟು ಮಾತಾಡಿದರೆ ಅನ್ಯಾಯವಾಗುತ್ತೆ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಹೊರದೇಶಕ್ಕೆ ಕಳಿಸುವ ಬಟ್ಟೆ ಕಾರ್ಖಾನೆಗಳು ಬಂದ ಮೇಲೆ ತವರಿನ ಸುತ್ತಲಿನ ಎಷ್ಟೋ ಹುಡುಗಿಯರು ಬೆಳಗಾಗುವ ಮೊದಲೇ ಬಸ್ಸು, ವ್ಯಾನು ಹತ್ತಿ ಕೆಲಸಕ್ಕೆ ಹೋಗುತ್ತಾರೆ. ನನ್ನ ಓರಗೆಯವರು ಹದಿನೆಂಟಕ್ಕೆ ಮದುವೆಯಾದರು. ಇವರು ತಮ್ಮ ಹೆಸರಿನಲ್ಲೇ ಬ್ಯಾಂಕ್ ಖಾತೆ ಇಟ್ಟುಕೊಂಡು, ತಮ್ಮನ ಫೀಸು ಕಟ್ಟಿ, 'ಈಗಲೇ ಮದುವೆ ಬೇಡ' ಅನ್ನುತ್ತಾರೆ. ಕೆಲಸ ಹಗುರವೇನಲ್ಲ. ನಿಂತು ನಿಂತು ಕಾಲು ಊದುತ್ತೆ, ಟಾರ್ಗೆಟ್ ಮುಗಿಯದಿದ್ದರೆ ಬೈಗುಳ. ಆದರೂ ಮನೆಯಲ್ಲಿ ಕೂರು ಅಂದರೆ ಒಬ್ಬಳೂ ಒಪ್ಪುವುದಿಲ್ಲ. ಜಾಗತೀಕರಣದಿಂದ ಕೆಡುಕೇ ಆಯಿತು ಅನ್ನುವವರು ಇವರನ್ನು ಕೇಳಿ ಮಾತಾಡಲಿ. ಹಾಗೆಯೇ, ಒಳ್ಳೆಯದೇ ಆಯಿತು ಅನ್ನುವವರು 2025ರ ಆಗಸ್ಟ್‌ ನೆನಪಿಸಿಕೊಳ್ಳಲಿ. ಅಮೆರಿಕ ಭಾರತದ ಎಷ್ಟೋ ಸರಕಿಗೆ ಶೇ 50ರಷ್ಟು ಸುಂಕ ಹಾಕಿತು. ಅಲ್ಲಿ ಒಬ್ಬರು ಸಹಿ ಹಾಕಿದ್ದಕ್ಕೆ, ಇಲ್ಲಿ ಓವರ್‌ಟೈಮ್ ಇರುತ್ತೋ ಇಲ್ಲವೋ ಅಂತ ಹುಡುಗಿಯರು ಲೆಕ್ಕ ಹಾಕುವ ಹಾಗಾಯಿತು. ಬ್ರೆಜಿಲ್ ಕಾಫಿಗೂ ಅಷ್ಟೇ ಸುಂಕ ಹಾಕಿದ್ದರು. ಅವರ ಜನಕ್ಕೇ ಕಾಫಿ ತುಟ್ಟಿಯಾಯಿತು, ನವೆಂಬರಿನಲ್ಲಿ ಕಾಫಿಯ ಮೇಲಿನ ಸುಂಕ ತೆಗೆದರು. ಬಟ್ಟೆಗೆ ಆಗ ಆ ರಿಯಾಯಿತಿ ಸಿಗಲಿಲ್ಲ.

ಈಗ ನಮ್ಮ ಮನೆಯ ಬಾಗಿಲಿಗೇ ಬರುತ್ತೇನೆ. 2024, 2025ರಲ್ಲಿ ಕಾಫಿಗೆ ಕಂಡು ಕೇಳರಿಯದ ಬೆಲೆ ಬಂತು. ವಿಯೆಟ್ನಾಂನಲ್ಲಿ ಬರ, ಬ್ರೆಜಿಲ್‌ನಲ್ಲೂ ಮಳೆ ಇಲ್ಲ. ಲಂಡನ್ನಿನಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ನಿನ್ನ ಅಪ್ಪ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ವಾಟ್ಸ್‌ಆಪ್‌ನಲ್ಲಿ 'ಟರ್ಮಿನಲ್ ಎಷ್ಟು' ಅಂತ, ಅಂದರೆ ಲಂಡನ್, ನ್ಯೂಯಾರ್ಕಿನ ಬೆಲೆ ಎಷ್ಟು ಅಂತ, ನೋಡುತ್ತಾರೆ. ಆದರೆ ಈ ಕಾಫಿಯನ್ನು ಕುಯ್ಯುವವರು ಯಾರು? ಹಿಂದೆ ಘಟ್ಟದ ಕೆಳಗಿನಿಂದ, ತಮಿಳುನಾಡಿನಿಂದ ಬರುತ್ತಿದ್ದರು. ಈಗ ಅಸ್ಸಾಂ, ಜಾರ್ಖಂಡ್‌ನಿಂದ ಬರುತ್ತಾರೆ. ಮೂರು ದಿನ ರೈಲಿನಲ್ಲಿ ಕೂತು, ಮಗು ಕಟ್ಟಿಕೊಂಡು ಬರುತ್ತಾರೆ. 1951ರ ಪ್ಲಾಂಟೇಷನ್ ಕಾಯ್ದೆ ಕೆಲಸಗಾರರಿಗೆ ಮನೆ, ಔಷಧಿ, ಕೂಸುಗಳಿಗೆ ನೋಡಿಕೊಳ್ಳುವ ಜಾಗ ಕೊಡಬೇಕು ಅಂದಿತು. ಅದು ಕಡಿಮೆ ಅಂದರೂ 5 ಹೆಕ್ಟೇರ್ ಮತ್ತು 15 ಜನ ಇದ್ದ ತೋಟಗಳಿಗೆ; 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಜಾಸ್ತಿ ಸಣ್ಣವರದು, ಹೆಚ್ಚಿನವು ಆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಬೆಲೆ ಇಳಿದಾಗ 'ಕೂಲಿ ಕೊಡಲು ಆಗಲ್ಲ' ಅನ್ನುವುದು ಬೇಗ ಹೊಳೆಯುತ್ತೆ. ಏರಿದಾಗ ಅಷ್ಟೇ ಬೇಗ ಕೂಲಿ ಏರಿಸುವವರು ಕಡಿಮೆ. 'ನಮ್ಮ ಪಾಲೆಲ್ಲಿ' ಅಂತ ನ್ಯೂಯಾರ್ಕಿನವರನ್ನು ನಾವು ಕೇಳುವ ಪ್ರಶ್ನೆಯನ್ನು ತೋಟದ ಲೈನ್ ಮನೆಗಳಲ್ಲಿರುವ ಕೆಲಸಗಾರರು ನಮ್ಮನ್ನು ಕೇಳಬಹುದು. ಕೇಳಬೇಕು. ನಿನ್ನ ಚರ್ಚೆಯಲ್ಲಿ ಅವರ ಹೆಸರು ಬರದೇ ಹೋದರೆ ನನಗೆ ಬೇಸರವಾಗುತ್ತೆ.

ಸಂಸ್ಕೃತಿ ಹಾಳಾಯಿತು ಅನ್ನುವ ವಾದವನ್ನು ನಿನ್ನ ತಂಡದವರು ಖಂಡಿತ ಎತ್ತುತ್ತಾರೆ. ಸ್ವಲ್ಪ ಯೋಚಿಸಿ ಎತ್ತಿ. ಬಾಬಾಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರು ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ಆಲೂಗೆಡ್ಡೆಯೂ ಮೆಣಸಿನಕಾಯಿಯೂ ಸಮುದ್ರ ದಾಟಿ ಬಂದವು. ಅವು ಬಂದು ಹಾಸನದ ಊಟ ಕೆಡಲಿಲ್ಲ. ಪೇಟೆಯಲ್ಲಿ ಪಿಜ್ಜಾ ಅಂಗಡಿ ಬಂತು ಅಂತ ನಮ್ಮ ಅಕ್ಕಿ ರೊಟ್ಟಿಯೂ ಹೋಗಲಿಲ್ಲ. ನನಗೆ ಸಂಕಟ ಆಗುವುದು ಊರಿನ ಸರ್ಕಾರಿ ಕನ್ನಡ ಶಾಲೆ ಕಂಡಾಗ. ಬೆಳೆಗಾರರ ಮಕ್ಕಳೆಲ್ಲ ಹಳದಿ ವ್ಯಾನಿನಲ್ಲಿ ಪೇಟೆಗೆ ಹೋಗುತ್ತಾರೆ. ಈ ಶಾಲೆಯ ಬೆಂಚಿನಲ್ಲಿ ಕೂತು 'ಅ ಆ' ಬರೆಯುವವರು ಅಸ್ಸಾಮಿನ ಕೆಲಸಗಾರರ ಮಕ್ಕಳು. ಎಷ್ಟು ಚೆನ್ನಾಗಿ ಕನ್ನಡ ಮಾತಾಡುತ್ತಾರೆ ಗೊತ್ತಾ! ನಿನ್ನನ್ನೂ ಇಂಗ್ಲಿಷ್ ಶಾಲೆಗೇ ಕಳಿಸಿದೆವು. ಇವತ್ತಾದರೂ ಹಾಗೇ ಮಾಡುತ್ತಿದ್ದೆ. ಕೆಲಸ ಕೊಡುವ ಭಾಷೆಯ ಕಡೆಗೆ ತಾಯಂದಿರು ಮಕ್ಕಳನ್ನು ಕಳಿಸುವುದು ಸಹಜ. ಹಾಗಾದರೆ ಕನ್ನಡದಲ್ಲಿ ದುಡಿಮೆಯ ವ್ಯವಹಾರ ನಡೆಯುವ ಹಾಗೆ ಮಾಡಬೇಕು. ಮಾತೃಭಾಷೆ ಉಳಿಸಿ ಅಂತ ಭಾಷಣ ಮಾಡಿದರೆ ಸಾಲದು.

ಇದಕ್ಕೆ ಕಣ್ಣೆದುರಿನ ಉದಾಹರಣೆ ಇದೆ. ಯುರೋಪಿನವರು 2023ರಲ್ಲಿ ಕಾಡು ನಾಶ ತಡೆಯುವ ಕಾನೂನು ಮಾಡಿದ್ದಾರೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಮೀನಿನ ಕಾಫಿ ಅಲ್ಲಿಗೆ ಹೋಗುವ ಹಾಗಿಲ್ಲ. ತೋಟ ಎಲ್ಲಿದೆ ಅನ್ನುವುದನ್ನು ಉಪಗ್ರಹದ ನಕ್ಷೆಯ ಲೆಕ್ಕದಲ್ಲಿ ತೋರಿಸಬೇಕು. ಜಾರಿಯ ದಿನ ಎರಡು ಸಲ ಮುಂದಕ್ಕೆ ಹೋಗಿದೆ. ಕಾನೂನಿನ ಉದ್ದೇಶ ಒಳ್ಳೆಯದೇ, ನಾನು ಒಪ್ಪುತ್ತೇನೆ. ನಮ್ಮದು ನೆರಳಿನ ಕಾಫಿ. ಅತ್ತಿ, ಹಲಸು, ಹಾಲುವಾಣದ ಕೆಳಗೆ ಬೆಳೆದದ್ದು. ಪ್ರತಿ ವರ್ಷ ಮರಗಸಿ ಮಾಡುತ್ತೇವೆ, ಅಂದರೆ ಕೊಂಬೆ ಸವರುತ್ತೇವೆ, ಬುಡ ಕಡಿಯುವುದಿಲ್ಲ. ನಿಯಮ ಸರಿಯಾಗಿ ನಡೆದರೆ ಬಟ್ಟಬಯಲಿನಲ್ಲಿ ಬೆಳೆಯುವ ದೇಶಗಳಿಗಿಂತ ನಮಗೇ ಲಾಭ. ಆದರೆ ಆ ನಕ್ಷೆ, ಆ ಅರ್ಜಿ ಎಲ್ಲ ದೊಡ್ಡ ಎಸ್ಟೇಟಿನವರಿಗೆ ಒಬ್ಬ ಗುಮಾಸ್ತನ ಕೆಲಸ. ಎರಡು ಎಕರೆಯವನಿಗೆ ಅದು ಇಂಗ್ಲಿಷಿನಲ್ಲಿರುವ ಒಗಟು. ಅವನ ಕಾಫಿ ಎಷ್ಟೇ ಶುದ್ಧವಾಗಿರಲಿ, ಕಾಗದ ಇಲ್ಲದಿದ್ದರೆ ವ್ಯಾಪಾರಿ ಬೆಲೆ ಕಡಿಮೆ ಕೇಳುತ್ತಾನೆ. ನಮ್ಮ ಸಕಲೇಶಪುರದ ಸುತ್ತಲಿನ ಮಂಜರಾಬಾದ್ ಸೀಮೆಗೆ 1850ರ ದಶಕದಲ್ಲೇ ಬ್ರಿಟಿಷ್ ಪ್ಲಾಂಟರುಗಳು ಬಂದು ಕಾಡು ಕಡಿದು ತೋಟ ಮಾಡಿದರು. ಅದಕ್ಕೆ ಯಾರೂ ನಕ್ಷೆ ಕೇಳಲಿಲ್ಲ. ನಿಯಮ ಬರೆಯುವ ಮೇಜಿನಲ್ಲಿ ಸಣ್ಣ ಬೆಳೆಗಾರನಿಗೂ ಒಂದು ಕುರ್ಚಿ ಇದ್ದಿದ್ದರೆ, 'ಈ ಖರ್ಚನ್ನು ಕೊಳ್ಳುವವರು ಭರಿಸಲಿ, ಅರ್ಜಿ ನಮ್ಮ ಭಾಷೆಯಲ್ಲಿರಲಿ' ಅಂತಾದರೂ ಹೇಳುತ್ತಿದ್ದ.

ಹಾಗಾಗಿ ಪುಟ್ಟಿ, ನಾನು ಯಾವ ಕಡೆ ಅಂದರೆ, ವ್ಯಾಪಾರದ ಕಡೆ. ಆದರೆ ಬೆಲೆ ಬಿದ್ದಾಗ ಹಿಡಿಯಲು ಒಂದು ನಿಧಿ ಇರಬೇಕು, ಒಪ್ಪಂದ ಬರೆಯುವಾಗ ನಮ್ಮವರು ಅಲ್ಲಿರಬೇಕು, ಕುಯ್ಯುವವರ ಕೂಲಿ ಆ ಲೆಕ್ಕದಲ್ಲಿ ಸೇರಿರಬೇಕು. 2003ರ ನಿಧಿ ಸೋತದ್ದು ಕಷ್ಟದ ಕಾಲದಲ್ಲಿ ಶುರು ಮಾಡಿದ್ದಕ್ಕೆ. ಕೈಯಲ್ಲಿ ನಾಲ್ಕು ಕಾಸು ಇರುವಾಗ ಶುರು ಮಾಡಬೇಕು. ಕಿಲೋಗೆ ಇಷ್ಟು ಅಂತ ಬೆಳೆಗಾರ ಹಾಕಲಿ, ರಫ್ತು ಮಾಡುವವರು ಹಾಕಲಿ, ಸರ್ಕಾರವೂ ಹಾಕಲಿ. ಸಕಲೇಶಪುರದ ಬೆಳೆಗಾರರ ಸಭೆಯಲ್ಲಿ ಇದನ್ನು ಹೇಳಿದೆ. ಕೆಲವರು ತಲೆದೂಗಿದರು, ಕೆಲವರು ಊಟದ ಕಡೆ ನೋಡಿದರು. ಮುಂದಿನ ಸಭೆಯಲ್ಲೂ ಹೇಳುತ್ತೇನೆ.

ಇದನ್ನು ನಿನ್ನ ಅಪ್ಪನಿಗೆ ಓದಿ ಹೇಳಿದೆ. ಕೂಲಿಯ ಮಾತನ್ನು ಒಪ್ಪಿದರು. ನಿಧಿಯ ಮಾತು ಒಪ್ಪಲಿಲ್ಲ. 'ಹಾಕುವಾಗ ನಮ್ಮಿಂದ ತಗೊಳ್ತಾರೆ, ಕೊಡುವಾಗ ಮತ್ತೆ ಕಂತು. ನಮ್ಮಪ್ಪ ಅಷ್ಟು ಒದ್ದಾಡಿ ಬಿಡಿಸಿಕೊಂಡಿದ್ದನ್ನ ನೀನು ಪುನಃ ಕಟ್ಟಿಸ್ತೀಯಾ' ಅಂದರು. ನಿಧಿಯನ್ನು ಬೆಳೆಗಾರರ ಸಂಘವೇ ನಡೆಸಿದರೆ ಪೂಲ್ ಆಗುವುದಿಲ್ಲ ಅಂತ ನಾನು. ಸಂಘದ ಚುನಾವಣೆ ನೋಡಿದ್ದೀಯಲ್ಲ ಅಂತ ಅವರು. ಅಲ್ಲಿಗೆ ನಿಂತಿದೆ. ಬ್ರೆಜಿಲ್, ಕೊಲಂಬಿಯಾದಲ್ಲಿ ಇಂಥ ನಿಧಿಗಳನ್ನು ಯಾರು ನಡೆಸುತ್ತಾರೆ, ದುಡ್ಡು ಎಲ್ಲಿಂದ ಬರುತ್ತೆ, ನಿಮ್ಮ ಲೈಬ್ರರಿಯಲ್ಲಿ ಹುಡುಕಿ ಕಳಿಸು. ಕನ್ನಡದಲ್ಲಿ ಬರೆದು ಕಳಿಸು, ಸಭೆಯಲ್ಲಿ ಓದಬೇಕು.

ಚಕ್ಕುಲಿ, ಒಣಗಿಸಿದ ಹಲಸಿನ ಹಪ್ಪಳ ಕೊರಿಯರ್ ಮಾಡಿದ್ದೇನೆ. ಕಾಫಿ ಪುಡಿ ಈ ಸಲ ನಮ್ಮ ಮನೆಯದೇ, ಅರೇಬಿಕಾ ಜಾಸ್ತಿ ಹಾಕಿಸಿದ್ದೇನೆ. ರೂಮಿನವರಿಗೂ ಕೊಡು. ಚರ್ಚೆ ಮುಗಿದ ಮೇಲೆ ಫೋನ್ ಮಾಡು.

ಇಂತಿ ನಿನ್ನ
ಅಮ್ಮ